ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳ ವೃತ್ತಿ ಸಿದ್ಧತೆ

ವಿದ್ಯಾರ್ಥಿಯೊಬ್ಬ ತನಗೆ ತಕ್ಕ ಕೆಲಸವನ್ನು ತಿಳಿದು ಆರಿಸಿಕೊಳ್ಳಲು, ಅದನ್ನು ಗಳಿಸಲು, ಗಳಿಸಿದ ಮೇಲೆ ಅದರಲ್ಲಿ ಬೆಳೆಯಲು ಬೇಕಾದ ತಿಳಿವಳಿಕೆ, ಕೌಶಲ ಮತ್ತು ನಡವಳಿಕೆಗಳನ್ನು ಒಟ್ಟಾಗಿ ವೃತ್ತಿ ಸಿದ್ಧತೆ ಎನ್ನುತ್ತಾರೆ. ಪದವಿ ಪ್ರಮಾಣಪತ್ರ ಇದರ ಒಂದು ಭಾಗ ಮಾತ್ರ. ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷ ತೂಕವಿದೆ. ಇಲ್ಲಿ ಶಾಲಾ ಶಿಕ್ಷಣ ಬಹಳ ಹಿಂದೆಯೇ ಹಳ್ಳಿಗಳನ್ನು ಮುಟ್ಟಿತು, ಓದು ಮತ್ತು ರಂಗಭೂಮಿಯ ಸಂಸ್ಕಾರ ಗಟ್ಟಿಯಾಗಿದೆ. ಆದರೆ ಓದಿದವರಿಗೆ ಊರಿನಲ್ಲೇ ಸಿಗುವ ಸಂಬಳದ ಕೆಲಸ ಕಡಿಮೆ. ಹೀಗಾಗಿ ಈ ಭಾಗದ ಸಿದ್ಧತೆ ಎರಡು ದಾರಿಗಳಿಗೂ ಒದಗಬೇಕಾಗುತ್ತದೆ: ಊರು ಬಿಟ್ಟು ಹೋಗುವವರು ಹೋದಲ್ಲಿ ತಲೆಯೆತ್ತಿ ನಿಲ್ಲಬೇಕು, ಉಳಿಯುವವರು ಸೋತು ಉಳಿದವರಾಗದೆ ಬಲ್ಲವರಾಗಿ ಉಳಿಯಬೇಕು.

ಪರಿಕಲ್ಪನೆಯ ಹಿನ್ನೆಲೆ

ವೃತ್ತಿ ಮಾರ್ಗದರ್ಶನವನ್ನು ಒಂದು ಶಾಸ್ತ್ರವಾಗಿ ರೂಪಿಸಿದವರಲ್ಲಿ ಅಮೆರಿಕದ ಫ್ರಾಂಕ್ ಪಾರ್ಸನ್ಸ್ ಮೊದಲಿಗರು. ಅವರು 1908ರಲ್ಲಿ ಬಾಸ್ಟನ್ ನಗರದಲ್ಲಿ ವೃತ್ತಿ ಸಲಹಾ ಕೇಂದ್ರವೊಂದನ್ನು ತೆರೆದರು. ಈ ವಿಷಯದ ಮೇಲೆ ಅವರು ಬರೆದ ಪುಸ್ತಕ ಮರುವರ್ಷ ಹೊರಬಂತು. ತನ್ನನ್ನು ತಾನು ಅರಿಯುವುದು, ಕೆಲಸಗಳ ಲೋಕವನ್ನು ಅರಿಯುವುದು, ಎರಡನ್ನೂ ಹೊಂದಿಸಿ ನೋಡುವುದು ಎಂಬ ಮೂರು ಹೆಜ್ಜೆಗಳನ್ನು ಅವರು ಹೇಳಿದರು. ಮುಂದೆ ಬಂದ ವಿದ್ವಾಂಸರು ವೃತ್ತಿಯ ಆಯ್ಕೆ ಒಂದೇ ದಿನದ ತೀರ್ಮಾನವಲ್ಲ, ಬದುಕಿನುದ್ದಕ್ಕೂ ನಡೆಯುವ ಬೆಳವಣಿಗೆ ಎಂದು ತೋರಿಸಿದರು. ಸಂವಹನ, ವಿಮರ್ಶಾತ್ಮಕ ಚಿಂತನೆ, ತಂಡದಲ್ಲಿ ದುಡಿಯುವುದು, ವೃತ್ತಿಪರ ನಡವಳಿಕೆ, ನಾಯಕತ್ವ, ತಂತ್ರಜ್ಞಾನದ ಬಳಕೆ, ಎಲ್ಲರನ್ನೂ ಸಮಾನವಾಗಿ ಕಾಣುವ ಮನೋಭಾವ, ಸ್ವಂತ ಬೆಳವಣಿಗೆಯ ಹೊಣೆ ಇವು ಇಂದು ಹೆಚ್ಚಿನ ಉದ್ಯೋಗದಾತರು ಹೊಸಬರಲ್ಲಿ ನಿರೀಕ್ಷಿಸುವ ಗುಣಗಳು.

ಭಾರತದಲ್ಲಿ ರಾಷ್ಟ್ರೀಯ ಉದ್ಯೋಗ ಸೇವೆ 1945ರಲ್ಲಿ ಆರಂಭವಾಯಿತು. ಬಹುಕಾಲ ವೃತ್ತಿ ಮಾರ್ಗದರ್ಶನವೆಂದರೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಕರೆಗಾಗಿ ಕಾಯುವುದು ಎಂದೇ ಆಗಿತ್ತು. 2008ರಲ್ಲಿ ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮ ಬಂತು. 2015ರ ಜುಲೈನಲ್ಲಿ ಸ್ಕಿಲ್ ಇಂಡಿಯಾ ಯೋಜನೆಯೂ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣವೂ ಬಂದವು. ಅಲ್ಲಿಂದೀಚೆಗೆ ಕಾಯುವ ಬದಲು ಕೌಶಲ ಗಳಿಸಿ ಹುಡುಕುವ ಕಡೆಗೆ ಒತ್ತು ಬಿದ್ದಿದೆ.

ಪ್ರದೇಶ ಮತ್ತು ದುಡಿಮೆಯ ಚರಿತ್ರೆ

ಅಡಿಕೆ ತೋಟ ಮತ್ತು ಭತ್ತದ ಗದ್ದೆ ಈ ಮೂರು ತಾಲ್ಲೂಕುಗಳ ಆರ್ಥಿಕತೆಯ ಬೆನ್ನೆಲುಬು. ಕಾಳುಮೆಣಸು, ಏಲಕ್ಕಿ, ಬಾಳೆ, ಅನಾನಸ್, ಶುಂಠಿ ಜೊತೆಯ ಬೆಳೆಗಳು. ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ ಹೆಸರಾದ ಕುಶಲಕರ್ಮ. ಗೇಣಿದಾರರ ಹೋರಾಟವಾದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ. ಮುಂದೆ ಭೂಮಿಯ ಹಕ್ಕು ಸಿಕ್ಕ ಗೇಣಿದಾರರ ಮಕ್ಕಳು ಶಾಲೆ ಕಾಲೇಜುಗಳತ್ತ ಬಂದದ್ದು ಈ ಭಾಗದ ಶಿಕ್ಷಣದ ಚರಿತ್ರೆಯಲ್ಲಿ ದೊಡ್ಡ ತಿರುವು.

ಎರಡನೆಯ ತಿರುವು ಜಲವಿದ್ಯುತ್. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಮುಂದೆ ಹೊಸನಗರ ತಾಲ್ಲೂಕಿನಲ್ಲಿ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟು, ಚಕ್ರಾ ಮತ್ತು ಸಾವೆಹಕ್ಲು ಅಣೆಕಟ್ಟುಗಳು ಬಂದವು. ಮುಳುಗಡೆಯ ಕುಟುಂಬಗಳು ಜಮೀನು ಕಳೆದುಕೊಂಡು ಬೇರೆ ಕಡೆ ನೆಲೆಸಬೇಕಾಯಿತು. ಅವರ ಮುಂದಿನ ತಲೆಮಾರಿಗೆ ಓದು ಮತ್ತು ನೌಕರಿಯೇ ಹೊಸ ಆಸ್ತಿಯಾಯಿತು. ವಿದ್ಯುತ್ ಯೋಜನೆಗಳು ಡಿಪ್ಲೊಮಾ ಮತ್ತು ಐಟಿಐ ಓದಿದ ಕೆಲವರಿಗೆ ಕೆಲಸ ಕೊಟ್ಟವು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಒಂದು ಕಾಲಕ್ಕೆ ಇಡೀ ಜಿಲ್ಲೆಯ ಯುವಕರ ಕನಸಾಗಿದ್ದವು. ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿದೆ, ಕಬ್ಬಿಣದ ಕಾರ್ಖಾನೆ ಸೊರಗಿದೆ. ಜಿಲ್ಲೆಯೊಳಗೆ ದೊಡ್ಡ ಪ್ರಮಾಣದಲ್ಲಿ ಕೆಲಸ ಕೊಡುತ್ತಿದ್ದ ಈ ಬಾಗಿಲುಗಳು ಕಿರಿದಾದ ಮೇಲೆ ಪದವೀಧರರ ದೃಷ್ಟಿ ಬೆಂಗಳೂರಿನ ಕಡೆಗೂ ಘಟ್ಟದ ಕೆಳಗಿನ ಉಡುಪಿ, ಮಣಿಪಾಲ, ಮಂಗಳೂರಿನ ಕಡೆಗೂ ಹೊರಳಿತು.

ಶಿಕ್ಷಣ ಸಂಸ್ಥೆಗಳು

ಸಾಗರದಲ್ಲಿ ಮಲೆನಾಡು ಅಭಿವೃದ್ಧಿ ಪ್ರತಿಷ್ಠಾನದ ಲಾಲ್ ಬಹದ್ದೂರ್ ಕಾಲೇಜು (ಊರವರ ಬಾಯಲ್ಲಿ ಎಲ್.ಬಿ. ಕಾಲೇಜು) ಮತ್ತು ಇಂದಿರಾಗಾಂಧಿ ಸರ್ಕಾರಿ ಪ್ರಥಮ ದರ್ಜೆ ಮಹಿಳಾ ಕಾಲೇಜು, ತೀರ್ಥಹಳ್ಳಿಯಲ್ಲಿ ತುಂಗಾ ಮಹಾವಿದ್ಯಾಲಯ ಮತ್ತು ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹೊಸನಗರದಲ್ಲಿ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಪದವಿ ಶಿಕ್ಷಣದ ಮುಖ್ಯ ಕೇಂದ್ರಗಳು. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಂಥ ಹೋಬಳಿ ಊರುಗಳಿಗೂ ಪದವಿ ಕಾಲೇಜು ಬಂದಿದೆ. ಇವೆಲ್ಲ 1987ರಲ್ಲಿ ಸ್ಥಾಪನೆಯಾದ, ಶಂಕರಘಟ್ಟದಲ್ಲಿ ಕೇಂದ್ರ ಹೊಂದಿರುವ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ವಿಶ್ವವಿದ್ಯಾಲಯ ಹೊತ್ತ ಹೆಸರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಯದೇ.

ತಾಂತ್ರಿಕ ಶಿಕ್ಷಣಕ್ಕೆ ಸಾಗರದ ಸಂಜಯ್ ಮೆಮೋರಿಯಲ್ ಪಾಲಿಟೆಕ್ನಿಕ್, ತೀರ್ಥಹಳ್ಳಿಯ ಸಹ್ಯಾದ್ರಿ ಪಾಲಿಟೆಕ್ನಿಕ್ ಮತ್ತು ಐಟಿಐಗಳಿವೆ. ಎಂಜಿನಿಯರಿಂಗ್ ಓದಲು ವಿದ್ಯಾರ್ಥಿಗಳು ಸಾಮಾನ್ಯವಾಗಿ ಶಿವಮೊಗ್ಗಕ್ಕೆ ಅಥವಾ ಘಟ್ಟ ಇಳಿದು ಕರಾವಳಿಗೆ ಹೋಗುತ್ತಾರೆ. 2012ರಲ್ಲಿ ರೂಪುಗೊಂಡ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇಂದು ಕೆಳದಿ ಶಿವಪ್ಪ ನಾಯಕನ ಹೆಸರಿನಲ್ಲಿದ್ದು, ಅದರ ಮುಖ್ಯ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ತೋಟದ ಮನೆಗಳಿಂದ ಬಂದ ಮಕ್ಕಳಿಗೆ ತೋಟವನ್ನೇ ಶಾಸ್ತ್ರವಾಗಿ ಓದುವ ಅವಕಾಶ ಹೀಗೆ ಮನೆಯ ಹತ್ತಿರಕ್ಕೆ ಬಂದಿದೆ.

ಪದವಿಯ ಸ್ವರೂಪವೂ ಈಚೆಗೆ ಎರಡು ಬಾರಿ ಬದಲಾಯಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎರಡೂ ವ್ಯವಸ್ಥೆಗಳ ವಿದ್ಯಾರ್ಥಿಗಳು ಒಂದೇ ಕಾಲೇಜಿನಲ್ಲಿ ಓದಿದ ಕಾರಣ ಮುಂದಿನ ಓದಿನ ಅರ್ಹತೆ ಮತ್ತು ಅಂಕಪಟ್ಟಿಯ ವಿಷಯದಲ್ಲಿ ಸರಿಯಾದ ಮಾಹಿತಿ ಕೊಡುವುದು ಕಾಲೇಜುಗಳಿಗೆ ಹೊಸ ಹೊಣೆಯಾಯಿತು.

ಸ್ಥಳೀಯ ಅಡೆತಡೆಗಳು

ಈ ಭಾಗದ ವಿದ್ಯಾರ್ಥಿಗಳಿಗೆ ಎದುರಾಗುವ ಕೊರತೆ ಬುದ್ಧಿಯದಲ್ಲ, ಮಾಹಿತಿ ಮತ್ತು ಒಡನಾಟದ್ದು. ಮೊದಲ ತಲೆಮಾರಿನ ಪದವಿ ವಿದ್ಯಾರ್ಥಿಯ ಮನೆಯಲ್ಲಿ ಕಂಪನಿಯ ಸಂದರ್ಶನ ಹೇಗಿರುತ್ತದೆ, ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಯಾವಾಗ ಅರ್ಜಿ ಹಾಕಬೇಕು ಎಂದು ಹೇಳುವವರಿರುವುದಿಲ್ಲ. ಕಣ್ಣಿಗೆ ಕಾಣುವ ನೌಕರರೆಂದರೆ ಶಿಕ್ಷಕರು, ಬ್ಯಾಂಕಿನವರು, ಪಂಚಾಯತಿಯವರು. ಆದ್ದರಿಂದ ಕನಸೂ ಅಂಥ ಕೆಲವೇ ಕೆಲಸಗಳ ಸುತ್ತಲೇ ನಿಲ್ಲುತ್ತದೆ.

ದೂರ ಇನ್ನೊಂದು ತೊಡಕು. ಮನೆಗಳು ಗುಡ್ಡ ಕಣಿವೆಗಳಲ್ಲಿ ಚದುರಿವೆ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಇರುವ ಊರಿನ ವಿದ್ಯಾರ್ಥಿ ತರಗತಿ ಮುಗಿದ ಮೇಲೆ ನಡೆಯುವ ತರಬೇತಿಗೆ ನಿಲ್ಲಲಾರ. ಆಗುಂಬೆ, ಹುಲಿಕಲ್ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ರಸ್ತೆ, ಕರೆಂಟು, ನೆಟ್‌ವರ್ಕ್ ಮೂರೂ ಕೈಕೊಡುತ್ತವೆ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದ ಜನ ದಶಕಗಳ ಕಾಲ ಲಾಂಚನ್ನೇ ನಂಬಿದ್ದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಸಾಗರದ ಕಾಲೇಜಿಗೆ ಬಂದುಹೋಗುವುದು ಸುಲಭವಾಯಿತು. ತಾಳಗುಪ್ಪ ಮತ್ತು ಸಾಗರದಿಂದ ಬೆಂಗಳೂರು, ಮೈಸೂರಿಗೆ ನೇರ ರೈಲಿದೆ. ಹೊಸನಗರ, ತೀರ್ಥಹಳ್ಳಿ ಪಟ್ಟಣಗಳಿಗೆ ರೈಲಿಲ್ಲ. ಬೆಂಗಳೂರಿನಲ್ಲಿ ಬೆಳಗಿನ ಸಂದರ್ಶನವಿದ್ದರೆ ಅಲ್ಲಿನ ವಿದ್ಯಾರ್ಥಿ ರಾತ್ರಿ ಬಸ್ಸನ್ನೇ ನೆಚ್ಚಬೇಕು.

ಮೂರನೆಯದು ಇಂಗ್ಲಿಷಿನ ಅಳುಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳಬಲ್ಲರು, ಮಾತಾಡಲು ಹಿಂಜರಿಯುತ್ತಾರೆ. ನಾಲ್ಕನೆಯದು ಮನೆಯ ದುಡಿಮೆ. ಅಡಿಕೆಯ ಕೊನೆ (ಗೊನೆ) ಕೊಯ್ಲು ಮತ್ತು ಸುಲಿಯುವ ಕಾಲದಲ್ಲಿ ಎಷ್ಟೋ ವಿದ್ಯಾರ್ಥಿಗಳ ಕೈ ಮನೆಗೆ ಬೇಕೇ ಬೇಕು. ತರಬೇತಿಯ ವೇಳಾಪಟ್ಟಿ ಹಾಕುವವರು ಇದನ್ನು ಗಮನಿಸದಿದ್ದರೆ ಹಾಜರಾತಿ ಬೀಳುತ್ತದೆ. ತಪ್ಪು ವಿದ್ಯಾರ್ಥಿಯ ತಲೆಗೆ ಬರುತ್ತದೆ.

ಸಿದ್ಧತೆಯ ಅಂಗಗಳು

ಮೊದಲ ಅಂಗ ಸ್ವಂತದ ಅರಿವು. ತನಗೆ ಯಾವ ಬಗೆಯ ಕೆಲಸ ಹಿಡಿಸುತ್ತದೆ, ಜನರೊಡನೆ ಬೆರೆಯುವುದೋ, ಲೆಕ್ಕವೋ, ಯಂತ್ರವೋ, ಬರಹವೋ ಎಂದು ಕಂಡುಕೊಳ್ಳುವುದು ಇಲ್ಲಿ ಮುಖ್ಯ. ಮನೆಯ ಆರ್ಥಿಕ ಸ್ಥಿತಿ, ತಂದೆತಾಯಿಯರ ವಯಸ್ಸು, ತೋಟ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳೂ ಈ ಲೆಕ್ಕಾಚಾರದೊಳಗೆ ಬರುತ್ತವೆ. ಇವನ್ನು ಬಚ್ಚಿಟ್ಟು ಆರಿಸಿದ ವೃತ್ತಿ ಎರಡು ಮೂರು ವರ್ಷದಲ್ಲಿ ಕೈಬಿಡುವ ಸಂಭವ ಹೆಚ್ಚು.

ಎರಡನೆಯದು ಭಾಷೆ. ಕನ್ನಡದಲ್ಲಿ ತಪ್ಪಿಲ್ಲದೆ ಅರ್ಜಿ, ವರದಿ, ಟಿಪ್ಪಣಿ ಬರೆಯಬಲ್ಲ ಪದವೀಧರನಿಗೆ ಸರ್ಕಾರಿ ಕಚೇರಿ, ಸಹಕಾರ ಸಂಘ, ಪತ್ರಿಕೆ, ಶಾಲೆ ಎಲ್ಲ ಕಡೆ ಬೆಲೆಯಿದೆ. ಇಂಗ್ಲಿಷನ್ನು ವ್ಯಾಕರಣದ ಪಾಠವಾಗಿ ಮತ್ತೆ ಮತ್ತೆ ಕಲಿಸುವುದಕ್ಕಿಂತ ದಿನವೂ ಸ್ವಲ್ಪ ಹೊತ್ತು ಮಾತಾಡಿಸುವುದು ಫಲ ಕೊಡುತ್ತದೆ. ತನ್ನ ಊರು, ತೋಟ, ಓದಿನ ವಿಷಯದ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸದಿಂದ ಶುರುಮಾಡಿದರೆ ಅಳುಕು ಬೇಗ ಕರಗುತ್ತದೆ, ಏಕೆಂದರೆ ಹೇಳಬೇಕಾದ ವಿಷಯ ವಿದ್ಯಾರ್ಥಿಗೆ ಮೊದಲೇ ಗೊತ್ತಿರುತ್ತದೆ.

ಮೂರನೆಯದು ಕಂಪ್ಯೂಟರ್ ಮತ್ತು ಅಂತರ್ಜಾಲದ ಬಳಕೆ. ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್, ಎಕ್ಸೆಲ್ ಲೆಕ್ಕ, ಇಮೇಲ್ ಬರೆಯುವ ಕ್ರಮ, ಜಿಎಸ್‌ಟಿ ಮತ್ತು ಟ್ಯಾಲಿಯ ತಿಳಿವಳಿಕೆ, ವಿಡಿಯೊ ಸಂದರ್ಶನಕ್ಕೆ ಕೂರುವ ರೀತಿ ಇಂದು ಕನಿಷ್ಠ ಅಗತ್ಯ. ಅರ್ಜಿಗಳನ್ನು ಸೈಬರ್ ಸೆಂಟರಿನವರ ಕೈಗೆ ಒಪ್ಪಿಸಿ, ಅವರ ಇಮೇಲ್ ಮತ್ತು ಪಾಸ್‌ವರ್ಡನ್ನೇ ಬಳಸುವ ರೂಢಿ ಅಪಾಯಕಾರಿ. ಹಾಲ್ ಟಿಕೆಟ್, ತಿದ್ದುಪಡಿಯ ಸೂಚನೆ, ನೇಮಕದ ಕರೆ ಕೈತಪ್ಪಿ ಹೋಗುವುದು ಇದರಿಂದಲೇ. ಪ್ರತಿ ವಿದ್ಯಾರ್ಥಿಗೂ ತನ್ನದೇ ಇಮೇಲ್, ತನ್ನದೇ ಮೊಬೈಲ್ ಸಂಖ್ಯೆ, ಡಿಜಿಲಾಕರ್ ಖಾತೆ ಇರಬೇಕು.

ನಾಲ್ಕನೆಯದು ದಾಖಲೆಗಳ ಸಿದ್ಧತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮತ್ತು ಪದವಿ ಪತ್ರದಲ್ಲಿ ಹೆಸರಿನ ಅಕ್ಷರ, ಇನಿಷಿಯಲ್, ಜನ್ಮದಿನಾಂಕ ಒಂದೇ ರೀತಿ ಇಲ್ಲದೆ ಕೊನೆಯ ಹಂತದಲ್ಲಿ ತೊಂದರೆಗೆ ಸಿಲುಕುವವರು ಬಹಳ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಅಧಿಸೂಚನೆ ಬರುವ ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯ ಅಂಗ ನಡವಳಿಕೆ: ಹೊತ್ತಿಗೆ ಸರಿಯಾಗಿ ಬರುವುದು, ಒಪ್ಪಿಕೊಂಡದ್ದನ್ನು ಮುಗಿಸುವುದು, ತಿಳಿಯದ್ದನ್ನು ಕೇಳುವುದು, ಲೆಕ್ಕದಲ್ಲಿ ಪ್ರಾಮಾಣಿಕತೆ. ಎನ್‌ಎಸ್‌ಎಸ್ ಶಿಬಿರ, ಎನ್‌ಸಿಸಿ, ಕಾಲೇಜು ನಾಟಕ, ಯಕ್ಷಗಾನ ತಂಡ, ಊರಿನ ಹಬ್ಬದ ಸಮಿತಿ ಇವುಗಳಲ್ಲಿ ದುಡಿದವರು ತಂಡದ ಕೆಲಸವನ್ನು ಆಗಲೇ ಕಲಿತಿರುತ್ತಾರೆ. ಅದನ್ನು ರೆಸ್ಯೂಮೆಯಲ್ಲಿ ಬರೆಯಬೇಕೆಂಬುದು ಮಾತ್ರ ಅವರಿಗೆ ಹೊಳೆದಿರುವುದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆ ಮತ್ತು ಸರ್ಕಾರಿ ನೌಕರಿ

ಈ ಭಾಗದ ಪದವೀಧರರು ಮೊದಲು ನೋಡುವುದು ಸರ್ಕಾರಿ ನೌಕರಿಯನ್ನು. ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಹುದ್ದೆಗಳಿಗೆ ಪದವಿ ಅರ್ಹತೆ. ಎಸ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಪಿಯುಸಿ ಸಾಕು. ನೇಮಕಾತಿ ನಡೆಸುವುದು ಮುಖ್ಯವಾಗಿ ಕರ್ನಾಟಕ ಲೋಕಸೇವಾ ಆಯೋಗ ಮತ್ತು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇರುವುದು ಮಲೆನಾಡಿನ ಹಳ್ಳಿಶಾಲೆಗಳಲ್ಲಿ ಕಲಿತವರಿಗೆ ನೇರವಾಗಿ ಒದಗುವ ಅನುಕೂಲ.

ಕೇಂದ್ರದ ಪರೀಕ್ಷೆಗಳಲ್ಲೂ ಕನ್ನಡದ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆದಿದೆ. 2019ರಿಂದ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಸಿಬ್ಬಂದಿ ನೇಮಕಾತಿ ಆಯೋಗ 2023ರಲ್ಲಿ ಬಹುಕಾರ್ಯ ಸಿಬ್ಬಂದಿ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಮುಂದಾಯಿತು. 2024ರಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೂ ಅದೇ ಸೌಲಭ್ಯ ಬಂತು. ಬ್ಯಾಂಕಿನ ಕ್ಲರ್ಕ್ ಹುದ್ದೆಗೆ ಆಯಾ ರಾಜ್ಯದ ಭಾಷೆ ಬರಲೇಬೇಕೆಂಬ ನಿಯಮವೂ ಇದೆ. ಈ ಅವಕಾಶಗಳ ಸುದ್ದಿ ಹಳ್ಳಿಯ ವಿದ್ಯಾರ್ಥಿಗೆ ಸಕಾಲಕ್ಕೆ ಮುಟ್ಟಿಸುವುದೇ ವೃತ್ತಿ ಮಾರ್ಗದರ್ಶನದ ಅರ್ಧ ಕೆಲಸ.

ಆದರೆ ಹುದ್ದೆಗಳ ಸಂಖ್ಯೆಗೂ ಅರ್ಜಿಗಳ ಸಂಖ್ಯೆಗೂ ಅಜಗಜಾಂತರ. ಅಧಿಸೂಚನೆ, ಪರೀಕ್ಷೆ, ಫಲಿತಾಂಶ, ನ್ಯಾಯಾಲಯದ ತಡೆ ಎಂದು ವರ್ಷಗಳು ಕಳೆಯುವುದುಂಟು. ಆದ್ದರಿಂದ ಪರೀಕ್ಷೆಗೆ ಓದುವವರು ತಮ್ಮ ಪ್ರಯತ್ನಕ್ಕೆ ಒಂದು ಗಡುವು ಹಾಕಿಕೊಂಡು, ಜೊತೆಯಲ್ಲೇ ಬಿ.ಇಡಿ., ಲೆಕ್ಕಪತ್ರದ ಕೆಲಸ, ಸಹಕಾರ ಡಿಪ್ಲೊಮಾದಂಥ ಇನ್ನೊಂದು ದಾರಿಯನ್ನು ತೆರೆದಿಟ್ಟುಕೊಳ್ಳುವುದು ವಿವೇಕ. ಕೋಚಿಂಗಿಗಾಗಿ ಧಾರವಾಡ, ವಿಜಯಪುರ, ಬೆಂಗಳೂರಿಗೆ ಹೋಗಿ ಕೂರಲು ಎಲ್ಲರಿಗೂ ಆಗದು. ತಾಲ್ಲೂಕು ಗ್ರಂಥಾಲಯ, ಗ್ರಾಮ ಪಂಚಾಯತಿಗಳ ಅರಿವು ಕೇಂದ್ರ ಮತ್ತು ಕಾಲೇಜು ಗ್ರಂಥಾಲಯದಲ್ಲಿ ನಾಲ್ಕಾರು ಮಂದಿ ಸೇರಿ ಓದುವ ಗುಂಪು ಕಡಿಮೆ ಖರ್ಚಿನ, ನಂಬಬಹುದಾದ ದಾರಿ.

ಸಹಕಾರ, ಬ್ಯಾಂಕು ಮತ್ತು ಶಿಕ್ಷಣ ಕ್ಷೇತ್ರ

ಮಲೆನಾಡಿನಲ್ಲಿ ಸಹಕಾರ ಚಳವಳಿ ಬೇರೂರಿದೆ. ಶಿವಮೊಗ್ಗದಲ್ಲಿ ಕೇಂದ್ರ ಕಚೇರಿಯಿರುವ ಮ್ಯಾಮ್‌ಕೋಸ್ ಅಡಿಕೆ ಮಾರಾಟ ಸಂಘ 1939ರಷ್ಟು ಹಳೆಯದು. ಸಾಗರದ ಆಪ್ಸ್‌ಕೋಸ್ ಸಹಕಾರ ಸಂಘ, ಊರೂರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು, ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್, ಹಾಲು ಉತ್ಪಾದಕರ ಸಂಘಗಳು ಇವೆಲ್ಲ ಲೆಕ್ಕ ಬಲ್ಲ, ರೈತರೊಡನೆ ತಾಳ್ಮೆಯಿಂದ ಮಾತಾಡಬಲ್ಲ ಪದವೀಧರರನ್ನು ಬೇಡುತ್ತವೆ. ರಾಜ್ಯ ಸಹಕಾರ ಮಹಾಮಂಡಳದ ಸಹಕಾರ ನಿರ್ವಹಣೆಯ ಡಿಪ್ಲೊಮಾ ಇಲ್ಲಿ ಉಪಯುಕ್ತ. ಬಿ.ಕಾಂ. ವಿದ್ಯಾರ್ಥಿಗೆ ಅಡಿಕೆ ಮಂಡಿ, ಸಹಕಾರ ಸಂಘ ಅಥವಾ ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಒಂದು ರಜೆಯ ದುಡಿಮೆ ಯಾವ ಪಠ್ಯವೂ ಕೊಡದ ಅನುಭವ ಕೊಡುತ್ತದೆ. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆ ವಿಂಗಡಣೆಯಾಗುವುದು, ಟೆಂಡರ್ ನಡೆಯುವುದು, ಬಿಲ್ಲಿಗೆ ತೆರಿಗೆ ಬೀಳುವುದು, ಬೆಳೆಗಾರನ ಸಾಲಕ್ಕೆ ಜಮೆಯಾಗುವುದು ಎಲ್ಲವೂ ಅಲ್ಲಿ ಒಂದೇ ಸರಣಿಯಲ್ಲಿ ಕಾಣುತ್ತವೆ.

ಶಿಕ್ಷಕ ವೃತ್ತಿಗೆ ಈ ಭಾಗದಲ್ಲಿ ಗೌರವ ಹೆಚ್ಚು. ಬಿ.ಇಡಿ. ಈಗ ಎರಡು ವರ್ಷದ ಓದು; ಪ್ರಾಥಮಿಕ ಶಾಲಾ ಹುದ್ದೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ ದಾಟಬೇಕು. ಕಾಲೇಜು ಅಧ್ಯಾಪಕರಾಗಲು ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಕೆ-ಸೆಟ್ ಬೇಕು. ಅತಿಥಿ ಉಪನ್ಯಾಸಕರಾಗಿ ಹಲವು ವರ್ಷ ದುಡಿಯುವವರಿಗೆ ಕೆಲಸದ ಭದ್ರತೆ ಸಿಗುವುದಿಲ್ಲ ಎಂಬ ಸತ್ಯವನ್ನೂ ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಬೇಕು.

ಖಾಸಗಿ ಉದ್ಯೋಗ ಮತ್ತು ವಲಸೆ

ಬಿಸಿಎ, ಬಿಬಿಎ, ಬಿ.ಎಸ್ಸಿ., ಡಿಪ್ಲೊಮಾ ಮುಗಿಸಿದ ಬಹುಪಾಲು ಮಂದಿ ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿನ ಮೊದಲ ವರ್ಷ ಕಷ್ಟದ್ದು. ಪಿಜಿಯ ಬಾಡಿಗೆ, ಮುಂಗಡ, ಊಟ, ಓಡಾಟ ಕಳೆದರೆ ಮೊದಲ ಸಂಬಳದಲ್ಲಿ ಉಳಿಯುವುದು ಅಲ್ಪ. ಆರಂಭದ ಕೆಲಸವನ್ನು ಸಂಬಳದಿಂದ ಮಾತ್ರ ಅಳೆಯದೆ, ಅಲ್ಲಿ ಏನು ಕಲಿಯಬಹುದು ಎಂದು ಅಳೆಯುವುದನ್ನು ಕಾಲೇಜಿನಲ್ಲೇ ಹೇಳಿಕೊಡಬೇಕು. ಕೆಲಸ ಕೊಡಿಸುವುದಾಗಿ ಮುಂಗಡ ಹಣ ಕೇಳುವವರಿಂದ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಕಂಪನಿಗಳಿಂದ, ಓದದೆ ಸಹಿ ಹಾಕುವ ಬಾಂಡ್‌ಗಳಿಂದ ದೂರವಿರುವ ಎಚ್ಚರವೂ ಸಿದ್ಧತೆಯ ಭಾಗ.

ಕೊರೊನಾ ಕಾಲದಲ್ಲಿ ಮನೆಯಿಂದ ಕೆಲಸ ಮಾಡಲು ಊರಿಗೆ ಮರಳಿದವರು, ಹಳ್ಳಿಯಲ್ಲಿದ್ದೇ ನಗರದ ಕೆಲಸ ಮಾಡಬಹುದು ಎಂಬುದನ್ನು ತೋರಿಸಿದರು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಆನ್‌ಲೈನ್ ತರಗತಿ ಕೇಳಿದ ವಿದ್ಯಾರ್ಥಿಗಳು ಅದರ ಮಿತಿಯನ್ನೂ ತೋರಿಸಿದರು. ಕೇಬಲ್ ಇಂಟರ್‌ನೆಟ್ ತಲುಪಿದ ಊರುಗಳಲ್ಲಿ ಲೆಕ್ಕಪತ್ರ, ಅನುವಾದ, ವಿನ್ಯಾಸ, ವಿಡಿಯೊ ಸಂಕಲನ, ಸಾಫ್ಟ್‌ವೇರ್ ಕೆಲಸ ಮನೆಯಿಂದ ನಡೆಯುತ್ತಿದೆ.

ಊರಿನಲ್ಲೇ ನೆಲೆಯಾಗುವ ವೃತ್ತಿಗಳು

ಪದವಿ ಮುಗಿಸಿ ತೋಟಕ್ಕೆ ಮರಳುವುದನ್ನು ಸೋಲೆಂದು ಕಾಣುವ ಮನೋಭಾವ ಈ ಭಾಗಕ್ಕೆ ನಷ್ಟ ತಂದಿದೆ. ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಮಾತ್ರ ಉಳಿದಿದ್ದಾರೆ. ಕೊಳೆರೋಗ, ಎಲೆಚುಕ್ಕೆ ರೋಗ, ಕಾರ್ಮಿಕರ ಕೊರತೆ ಒಟ್ಟಿಗೆ ಎದುರಾದಾಗ ತೋಟ ನಿಭಾಯಿಸಲು ಓದಿದ ಕೈಯೇ ಬೇಕು. ಮಣ್ಣು ಪರೀಕ್ಷೆ, ರೋಗ ನಿರ್ವಹಣೆ, ಉಪಬೆಳೆ, ಜೇನು, ನರ್ಸರಿ, ಯಂತ್ರ ಬಾಡಿಗೆ, ದೋಟಿಯಿಂದ ಕೊನೆ ಕೊಯ್ಯುವ ತರಬೇತಿ ಇವೆಲ್ಲ ಸಂಪಾದನೆ ಕೊಡುವ ಕೌಶಲಗಳು.

ಮೌಲ್ಯವರ್ಧನೆಗೂ ಅವಕಾಶವಿದೆ. ಭೌಗೋಳಿಕ ಸೂಚ್ಯಂಕ ಪಡೆದ ಅಪ್ಪೆಮಿಡಿಯ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಮುರುಗಲ ಹಣ್ಣಿನ ಪಾನಕ ಮನೆಯಂಗಳದಿಂದ ಮಾರುಕಟ್ಟೆಗೆ ಬಂದಿವೆ. 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ ಘಟಕದ ವೆಚ್ಚದ ಶೇ. 35ರಷ್ಟನ್ನು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಸಾಲಕ್ಕೆ ಜೋಡಿಸಿದ ಸಹಾಯಧನವಾಗಿ ಕೊಡುತ್ತದೆ. ಆ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಗುರುತಿಸಿದ ಉತ್ಪನ್ನ ಅನಾನಸ್. ಆಹಾರ ಸುರಕ್ಷತಾ ನೋಂದಣಿ, ಲೇಬಲ್, ವೆಚ್ಚದ ಲೆಕ್ಕ, ಆನ್‌ಲೈನ್ ಮಾರಾಟ ತಿಳಿದ ಪದವೀಧರೆ ಒಬ್ಬಳಿದ್ದರೆ ಊರಿನ ಮಹಿಳಾ ಸ್ವಸಹಾಯ ಸಂಘದ ಕೆಲಸದ ಮಟ್ಟವೇ ಬದಲಾಗುತ್ತದೆ.

ಸಂಸ್ಕೃತಿಯೂ ಇಲ್ಲಿ ವೃತ್ತಿಯೇ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ತಿರುಗಾಟ ಎಂಬ ಸಂಚಾರಿ ನಾಟಕ ತಂಡ ಶುರುಮಾಡಿತು. ಅದರ ಕಟ್ಟಾಳು ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ಕಲಿತವರು ರಂಗಭೂಮಿ, ಕಿರುತೆರೆ, ಸಿನಿಮಾ, ಶಾಲಾ ರಂಗಶಿಕ್ಷಣದಲ್ಲಿ ದುಡಿಯುತ್ತಿದ್ದಾರೆ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಪ್ರಯತ್ನದಿಂದ 1990ರ ದಶಕದಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗ ಮತ್ತು ನೈಸರ್ಗಿಕ ಬಣ್ಣಗಾರಿಕೆಯಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ದುಡಿಮೆ ಕೊಟ್ಟಿತು. ಹಳ್ಳಿಯೊಂದು ತನ್ನ ಶಕ್ತಿಯಿಂದಲೇ ವೃತ್ತಿಗಳನ್ನು ಹುಟ್ಟಿಸಬಲ್ಲದು ಎಂಬುದಕ್ಕೆ ಈ ಎರಡು ಸಂಸ್ಥೆಗಳು ಸಾಕ್ಷಿ.

ಜೋಗ, ಸಿಗಂದೂರು, ಕೊಡಚಾದ್ರಿ, ನಗರದ ಕೋಟೆ, ಹುಂಚ, ಕವಲೇದುರ್ಗ, ಆಗುಂಬೆ, ಮಂಡಗದ್ದೆಗಳಿಗೆ ಬರುವ ಪ್ರವಾಸಿಗರಿಂದ ಹೋಂಸ್ಟೇ, ಮಾರ್ಗದರ್ಶಿ, ಚಾರಣದ ಕೆಲಸಗಳು ಹೆಚ್ಚಿವೆ. ಕೆಳದಿಯ ಚರಿತ್ರೆ, ಕಾಡಿನ ಗಿಡಮರ, ಹಕ್ಕಿಗಳನ್ನು ಬಲ್ಲ ಮಾರ್ಗದರ್ಶಿಗಳ ಕೊರತೆಯಿದೆ; ಇತಿಹಾಸ ಮತ್ತು ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಂದುವ ಕ್ಷೇತ್ರ.

ಕಾಲೇಜಿನ ಪಾತ್ರ ಮತ್ತು ವರ್ಷವಾರು ಕ್ರಮ

ಬಹುತೇಕ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಸೆಲ್ ಅಥವಾ ಉದ್ಯೋಗ ಮಾಹಿತಿ ಕೋಶ ಇದೆ. ಕಾಲೇಜು ಶಿಕ್ಷಣ ಇಲಾಖೆ ಆಂಗ್ಲ, ವಿಕಸನ, ನೈಪುಣ್ಯನಿಧಿ ಎಂಬ ಹೆಸರಿನಲ್ಲಿ ಇಂಗ್ಲಿಷ್, ವ್ಯಕ್ತಿತ್ವ ವಿಕಸನ ಮತ್ತು ಕೌಶಲದ ಕಾರ್ಯಕ್ರಮಗಳನ್ನು ಸರ್ಕಾರಿ ಕಾಲೇಜುಗಳಲ್ಲಿ ನಡೆಸಿದೆ. ಆದರೆ ಪಾಠದ ಹೊರೆ ಹೊತ್ತ ಅಧ್ಯಾಪಕರೊಬ್ಬರೇ ಈ ಕೋಶವನ್ನೂ ನೋಡಿಕೊಳ್ಳಬೇಕಾದಲ್ಲಿ ಕೆಲಸ ಕೊನೆಯ ವರ್ಷದ ಒಂದೆರಡು ಉಪನ್ಯಾಸಗಳಿಗೆ ಇಳಿಯುತ್ತದೆ. ಕೊನೆಯ ಸೆಮಿಸ್ಟರಿನಲ್ಲಿ ಶುರುವಾದ ಸಿದ್ಧತೆ ತಡವಾದ ಸಿದ್ಧತೆ.

ಮೂರು ವರ್ಷಕ್ಕೆ ಹಂಚಿದ ಕ್ರಮ ಹೆಚ್ಚು ಫಲ ಕೊಡುತ್ತದೆ. ಮೊದಲ ವರ್ಷ ಆಸಕ್ತಿಯ ಗುರುತು, ಇಂಗ್ಲಿಷ್ ಮಾತು, ಟೈಪಿಂಗ್, ದಾಖಲೆಗಳ ತಿದ್ದುಪಡಿ, ದಿನಪತ್ರಿಕೆ ಓದುವ ಅಭ್ಯಾಸ. ಎರಡನೆಯ ವರ್ಷ ಯಾವುದಾದರೂ ಕಚೇರಿ, ಸಂಘ, ಪ್ರಯೋಗಾಲಯ ಅಥವಾ ಅಂಗಡಿಯಲ್ಲಿ ರಜೆಯ ದುಡಿಮೆ, ಸ್ವಯಂ ಜಾಲತಾಣದ ಅಥವಾ ಎನ್‌ಪಿಟೆಲ್‌ನ ಒಂದು ಆನ್‌ಲೈನ್ ಕೋರ್ಸ್, ಹಳೆಯ ವಿದ್ಯಾರ್ಥಿಗಳೊಡನೆ ಮಾತುಕತೆ. ಮೂರನೆಯ ವರ್ಷ ರೆಸ್ಯೂಮೆ, ಅಣಕು ಸಂದರ್ಶನ, ಗುಂಪು ಚರ್ಚೆ, ಸ್ನಾತಕೋತ್ತರ ಪ್ರವೇಶ ಅಥವಾ ನೇಮಕಾತಿ ಅರ್ಜಿಗಳು.

ಹಳೆಯ ವಿದ್ಯಾರ್ಥಿಗಳು ಈ ಕಾಲೇಜುಗಳ ದೊಡ್ಡ ಸಂಪತ್ತು. ಬೆಂಗಳೂರಿನ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ವಿದೇಶಗಳಲ್ಲಿ ಇರುವವರು ವರ್ಷಕ್ಕೊಮ್ಮೆ ತಮ್ಮ ಕೆಲಸದ ಒಂದು ದಿನ ಹೇಗಿರುತ್ತದೆ ಎಂದು ಕನ್ನಡದಲ್ಲೇ ವಿವರಿಸಿದರೂ ಮೊದಲ ತಲೆಮಾರಿನ ವಿದ್ಯಾರ್ಥಿಗೆ ಹೊಸ ಲೋಕ ತೆರೆಯುತ್ತದೆ. ಮೂರು ತಾಲ್ಲೂಕುಗಳ ಕಾಲೇಜುಗಳು ಒಟ್ಟಾಗಿ ಉದ್ಯೋಗ ಮೇಳ ನಡೆಸಿದರೆ ಕಂಪನಿಗಳಿಗೂ ಬರಲು ಅನುಕೂಲ. ಒಂದೊಂದೇ ಸಣ್ಣ ಕಾಲೇಜಿಗೆ ಅವು ಬರುವುದು ಅಪರೂಪ.

ಸರ್ಕಾರಿ ಯೋಜನೆಗಳು

ರಾಜ್ಯದ ಯುವನಿಧಿ ಯೋಜನೆಗೆ ಚಾಲನೆ ದೊರೆತದ್ದು ಶಿವಮೊಗ್ಗದಲ್ಲಿ, 2024ರ ಜನವರಿ 12ರಂದು. ಓದು ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವ ಯೋಜನೆ ಇದು. ಅರ್ಜಿ ಶುಲ್ಕ, ಪುಸ್ತಕ, ಪರೀಕ್ಷೆಗೆ ಹೋಗುವ ಬಸ್ಸಿನ ಖರ್ಚಿಗೆ ಈ ಹಣ ಆಧಾರ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣವನ್ನು ಉಚಿತಗೊಳಿಸಿತು. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡಾಡುವ ಮಲೆನಾಡಿನ ಒಳದಾರಿಗಳಲ್ಲಿ ಅದರ ಲಾಭ ಎಲ್ಲರಿಗೂ ಒಂದೇ ರೀತಿ ಸಿಗುವುದಿಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರೂ ಡಿಪ್ಲೊಮಾದವರೂ ಭತ್ಯೆ ಪಡೆಯುತ್ತ ಕೆಲಸ ಕಲಿಯಬಹುದು. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 21ರಿಂದ 24 ವರ್ಷದವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳ ಅನುಭವ ಮತ್ತು ತಿಂಗಳಿಗೆ 5000 ರೂಪಾಯಿ ಕೊಡುವಂತೆ ರೂಪುಗೊಂಡಿತು. ಸ್ವಂತ ಉದ್ಯೋಗಕ್ಕೆ ಮುದ್ರಾ ಸಾಲ, ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ ಇವೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಸಂಸ್ಥೆಗಳು ಉಚಿತ ತರಬೇತಿ ಕೊಡುತ್ತವೆ.

ಕೆಲಸಕ್ಕೆ ಸೇರಿದ ಮೇಲಿನ ಬೆಳವಣಿಗೆ

ಮೊದಲ ಕೆಲಸದೊಂದಿಗೆ ಸಿದ್ಧತೆ ಮುಗಿಯುವುದಿಲ್ಲ. ಬ್ಯಾಂಕ್ ನೌಕರರಿಗೆ ಬಡ್ತಿ ಪರೀಕ್ಷೆ, ಸರ್ಕಾರಿ ನೌಕರರಿಗೆ ಇಲಾಖಾ ಪರೀಕ್ಷೆ, ಶಿಕ್ಷಕರಿಗೆ ವೃತ್ತಿ ತರಬೇತಿ, ಸಾಫ್ಟ್‌ವೇರ್ ಕೆಲಸದವರಿಗೆ ಎರಡು ಮೂರು ವರ್ಷಕ್ಕೊಮ್ಮೆ ಹೊಸ ತಂತ್ರಜ್ಞಾನ, ಕೃಷಿಕರಿಗೆ ವಿಶ್ವವಿದ್ಯಾಲಯದ ಕ್ಷೇತ್ರೋತ್ಸವ ಮತ್ತು ಅಡಿಕೆ ಧಾರಣೆಯ ಮೇಲೆ ಸದಾ ಕಣ್ಣು, ಹೀಗೆ ಪ್ರತಿ ವೃತ್ತಿಗೂ ತನ್ನದೇ ಕಲಿಕೆಯ ಸರಣಿಯಿದೆ. ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕೆಲಸ ಬಿಡದೆ ಓದಲು ದಾರಿ ಮಾಡಿವೆ. ಉಳಿತಾಯ, ಆರೋಗ್ಯ ವಿಮೆ, ಶಿಕ್ಷಣ ಸಾಲದ ಮರುಪಾವತಿ, ಭವಿಷ್ಯನಿಧಿಯ ತಿಳಿವಳಿಕೆಯೂ ವೃತ್ತಿ ಬೆಳವಣಿಗೆಗೆ ಸೇರಿದ್ದೇ.

ಮಹಿಳೆಯರ ವಿಷಯದಲ್ಲಿ ಇನ್ನೂ ಒಂದು ಮಾತು ಸೇರುತ್ತದೆ. ಮಲೆನಾಡಿನ ಪದವಿ ತರಗತಿಗಳಲ್ಲಿ ಹೆಣ್ಣುಮಕ್ಕಳ ಹಾಜರಾತಿ ಗಟ್ಟಿಯಾಗಿದೆ, ಫಲಿತಾಂಶವೂ ಉತ್ತಮ. ಆದರೆ ಪದವಿಯ ನಂತರ ಮದುವೆ, ದೂರದೂರಿಗೆ ಕಳಿಸಲು ಮನೆಯವರ ಹಿಂಜರಿಕೆ, ಸುರಕ್ಷಿತ ವಸತಿಯ ಚಿಂತೆ ಎದುರಾಗಿ ಅನೇಕರ ವೃತ್ತಿ ಅಲ್ಲಿಗೇ ನಿಲ್ಲುತ್ತದೆ. ಪೋಷಕರನ್ನೂ ಸೇರಿಸಿಕೊಂಡು ನಡೆಸುವ ಮಾರ್ಗದರ್ಶನ, ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲುಗಳ ಮಾಹಿತಿ, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಅರಿವು, ಮದುವೆಯ ನಂತರ ಮತ್ತೆ ಕೆಲಸಕ್ಕೆ ಬರುವ ದಾರಿಗಳ ಪರಿಚಯ ಇವೆಲ್ಲ ಕಾಲೇಜಿನ ಮಟ್ಟದಲ್ಲೇ ಆಗಬೇಕಾದ ಕೆಲಸ. ಈ ಮೂರು ತಾಲ್ಲೂಕುಗಳಲ್ಲಿ ವೃತ್ತಿ ಸಿದ್ಧತೆ ಎಷ್ಟು ಸಫಲವಾಗಿದೆ ಎಂದು ತಿಳಿಯಲು ಕ್ಯಾಂಪಸ್ ಆಯ್ಕೆಯ ಪಟ್ಟಿಯೊಂದೇ ಸಾಲದು. ಪದವಿ ಮುಗಿಸಿ ಐದು ವರ್ಷ ಕಳೆದ ಹೆಣ್ಣು ಗಂಡುಗಳು ನಗರದಲ್ಲಿ, ಊರಿನಲ್ಲಿ, ತೋಟದಲ್ಲಿ, ಕಚೇರಿಯಲ್ಲಿ ತಾವೇ ಆರಿಸಿಕೊಂಡ ಕೆಲಸದಲ್ಲಿ ಇದ್ದಾರೆಯೇ, ಅದರಲ್ಲಿ ಬೆಳೆಯುತ್ತಿದ್ದಾರೆಯೇ ಎಂಬುದನ್ನು ಕಾಲೇಜುಗಳು ವಿಚಾರಿಸಿ ದಾಖಲಿಸಬೇಕಾಗುತ್ತದೆ.